ತಗ್ಗಿನ ಇಂಜಿನ್

ನಾನು ಒಂದು ಡೀಸೆಲ್ ಇಂಜಿನ್. ಐದು ಕುದುರೆ ಶಕ್ತಿ, ಎರಡು ಗಾಲಿ, ಮೈಗೆ ಹಸಿರು ಬಣ್ಣ. ನನ್ನನ್ನು ಎರಕ ಹೊಯ್ದ ಫೌಂಡ್ರಿಯಲ್ಲಿ ಆ ವಾರ ಇನ್ನೂ ಹನ್ನೊಂದು ಇಂಜಿನ್‌ಗಳು ತಯಾರಾದವು. ಹಿಡಿಕೆ ತಿರುಗಿಸಿ ನಮ್ಮನ್ನು ಒಂದೊಂದಾಗಿ ಓಡಿಸಿ ನೋಡಿದರು. ನನಗೆ ಮೊದಲ ಸಲ ಉಸಿರು ಬಂದದ್ದು ಆಗ. ಸರಿಯಾಗಿದ್ದೇನೆ ಎಂದು ಖಾತ್ರಿಯಾದ ಮೇಲೆ ನಿಲ್ಲಿಸಿದರು. ಎದೆಗೆ ನಂಬರಿನ ತಗಡು ಹೊಡೆದರು. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ರೈಲಿಗೆ ಹಾಕಿದರು.

ಯಾವ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದು ಇಂಜಿನ್‌ಗಳಿಗೆ ಗೊತ್ತಿರುವುದಿಲ್ಲ. ಉಳಿದ ಹನ್ನೊಂದು ಕಬ್ಬಿಗೆ, ಬಾಳೆಗೆ, ಹಿಟ್ಟಿನ ಗಿರಣಿಗೆ ಹೋಗಿರಬಹುದು. ನಾನು ಮೂವತ್ತನಾಲ್ಕು ವರ್ಷ ಸುಡುಗಾಡಿನಲ್ಲಿ ನೀರೆತ್ತಿದೆ.

ನನ್ನನ್ನು ಕೊಂಡವನು ತೂಬಿನಕ್ಯಾಂಪಿನ ಪಂಪನಗೌಡ. ಕ್ಯಾಂಪು ಅಂದರೆ ಊರೇ. ನದಿಗೆ ಅಣೆಕಟ್ಟು ಕಟ್ಟಿದಾಗ ಒಂದು ಹಳ್ಳಿ ಮುಳುಗಿತು. ಆ ಹಳ್ಳಿಯ ನಲವತ್ತು ಮನೆಯವರು ಕಾಲುವೆಯ ಕೊನೆಯ ತೂಬಿನ ಹತ್ತಿರ ಬಂದು ಗುಡಿಸಲು ಹಾಕಿದರು. ಸರ್ಕಾರ ಅವರಿಗೆ ಅಲ್ಲಿ ಹೊಲ ಕೊಟ್ಟಿತ್ತು. ಹೊಲವೆಂದರೆ ಆಗ ಜಾಲಿಯ ಮೆಳೆ. ಕಡಿದರು, ಸುಟ್ಟರು, ಬೇರು ಕಿತ್ತರು. ಮೂರನೇ ವರ್ಷ ಕಾಲುವೆಗೆ ನೀರು ಬಂತು. ನಾನು ಬಂದದ್ದು ಏಳನೇ ವರ್ಷ.

ಪಂಪನಗೌಡನ ಪಾಲಿಗೆ ಬಂದ ಹೊಲದಲ್ಲಿ ಎರಡು ಎಕರೆ ದಿಬ್ಬವಿತ್ತು. ಕಾಲುವೆಯ ನೀರು ಅಲ್ಲಿಗೆ ಹತ್ತುತ್ತಿರಲಿಲ್ಲ. ಸುತ್ತ ಎಲ್ಲರೂ ಭತ್ತ ನಾಟುವಾಗ ಅವನು ಅಲ್ಲಿ ಜೋಳ ಬಿತ್ತಬೇಕಾಗಿತ್ತು. ದಿಬ್ಬಕ್ಕೆ ನೀರು ಏರಿಸಬೇಕೆಂದು ನನ್ನನ್ನು ತಂದ. ಅಂಗಳದಲ್ಲಿ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಓಡಿಸಿದ. ಅವನ ಹೆಂಡತಿ ನೀಲಗಂಗಮ್ಮ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

"ಏನಿದು, ಬರೀ ಹೊಗಿ ಉಗುಳತೈತಿ."

"ನಿಮ್ಮಪ್ಪನೂ ಉಗುಳತಾನ. ಅವಗೇನೂ ಅನ್ನಂಗಿಲ್ಲ ನೀ."

"ನಮ್ಮಪ್ಪ ಹಿಂಗ ಒದರಂಗಿಲ್ಲ."

ಅವನು ನಕ್ಕ. ಆಗ ಅವನಿಗೆ ಮೂವತ್ತೊಂದು, ಅವಳಿಗೆ ಇಪ್ಪತ್ತನಾಲ್ಕು. ತೊಟ್ಟಿಲಲ್ಲಿ ಒಂದು ಗಂಡು ಮಗು. ದಿಬ್ಬದ ಬುಡದಲ್ಲಿ ನನಗಾಗಿ ಕಲ್ಲಿನ ಕಟ್ಟೆ ಕಟ್ಟಿಸಲು ಶುರುಮಾಡಿದ್ದ. ಅದು ಮುಗಿಯುವ ಮೊದಲೇ, ಒಂದು ಮುಂಜಾನೆ, ಗದ್ದೆಯ ಬದುವಿನ ಮೇಲೆ ಅವನಿಗೆ ಹಾವು ಕಚ್ಚಿತು. ಮಧ್ಯಾಹ್ನಕ್ಕೆ ಮುಗಿಯಿತು. ದಿಬ್ಬಕ್ಕೆ ನಾನು ಒಂದು ಕೊಡ ನೀರನ್ನೂ ಏರಿಸಲಿಲ್ಲ.

ಇನ್ನು ತಗ್ಗಿನ ವಿಷಯ ಹೇಳಬೇಕು. ಇದು ನಾನು ಬರುವ ಮೊದಲಿನದು. ಕುಣಿ ತೋಡುವ ದುರುಗಪ್ಪ ನನ್ನ ಪಕ್ಕ ಕುಳಿತು ಎಷ್ಟೋ ಸಲ ಹೇಳಿದ್ದರಿಂದ ಗೊತ್ತು.

ಈ ಜನ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಆಳದ ಕುಣಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂಡಿಸುತ್ತಾರೆ. ಎಡಗೈಯಲ್ಲಿ ಲಿಂಗ, ಮೈತುಂಬ ವಿಭೂತಿ. ಆಮೇಲೆ ಮಣ್ಣು. ಮುಳುಗಿದ ಊರಿನ ನೆಲ ಬರೀ ಕಲ್ಲಾಗಿತ್ತಂತೆ. ಒಂದು ಕುಣಿಗೆ ಎರಡು ದಿನ ಬೇಕಾಗುತ್ತಿತ್ತು. ಹಾರೆ ಬಾಗುತ್ತಿದ್ದವು. ಹೆಣ ಮನೆಯಲ್ಲಿ ಕಾಯುತ್ತಿತ್ತು. ಬೇಸಿಗೆಯಲ್ಲಿ ಕಾಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಹೊಸ ಜಾಗಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಊರ ಹಿರಿಯ ಹುಚ್ಚೀರಪ್ಪ ಕೈಯಲ್ಲೊಂದು ಹಾರೆ ಹಿಡಿದು ಹೊರಟ. ಅಲ್ಲಲ್ಲಿ ನೆಲಕ್ಕೆ ಹೊಡೆದು ನೋಡಿದ. ಎಲ್ಲಿ ಹಾರೆ ಸಲೀಸಾಗಿ ಇಳಿಯಿತೋ ಅಲ್ಲಿ ನಿಂತ. ಕಪ್ಪು ಮಣ್ಣಿನ ತಗ್ಗು, ಎರಡು ಎಕರೆ. "ಇಲ್ಲೇ ಇರಲಿ. ಸತ್ತ ಮ್ಯಾಗರ ಮೆತ್ತಗ ಕುಂದ್ರೋಣು" ಅಂದ. ದುರುಗಪ್ಪ ಆಗ ಹುಡುಗುಪ್ರಾಯದವನು. "ಇದು ತಗ್ಗು ಐತಲ್ಲ ಧಣಿ" ಅಂದನಂತೆ. "ತೋಡಾವ ನೀನು. ನಿನಗ ಹಗುರ ಆಗ್ಲಿ ಅಂತ ನೋಡಿದ್ರ ನೀನ ಅಡ್ಡ ಬರ್ತಿಯಲ್ಲಲೇ" ಅಂದು ಹುಚ್ಚೀರಪ್ಪ ನಕ್ಕನಂತೆ. ಕಾಲುವೆಗೆ ಆಗ ಇನ್ನೂ ನೀರು ಬಂದಿರಲಿಲ್ಲ. ಒಣ ಸೀಮೆಯ ಜನ ಅವರು. ಹರಿಯುವ ನೀರು ಮಣ್ಣಿನ ಕೆಳಗೂ ನಡೆದು ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಹುಚ್ಚೀರಪ್ಪನೇ ಮೊದಲು ಅಲ್ಲಿ ಕೂತ. ಒಂದೊಂದು ಮನೆತನಕ್ಕೆ ಒಂದೊಂದು ಸಾಲು ಎಂದು ಗೊತ್ತುಮಾಡಿದರು. ಗಂಡನ ಎಡಕ್ಕೆ ಹೆಂಡತಿಯ ಜಾಗ. ಹಳೆಯ ಊರಿನಲ್ಲಿ ಬಿಟ್ಟುಬಂದ ಗೋರಿಗಳ ಮೇಲೆ ಆಗ ಅಣೆಕಟ್ಟಿನ ನೀರು ಏರುತ್ತಿತ್ತು. ಕಾಲುವೆ ಬಿಟ್ಟ ದಿನ ಎಲ್ಲರೂ ಅದಕ್ಕೆ ಬಾಗಿನ ಕೊಟ್ಟರು. ಎರಡು ಬೆಳೆ ಆಗುವಷ್ಟರಲ್ಲಿ ತಗ್ಗಿನ ಕುಣಿಯಲ್ಲಿ ಸೊಂಟದ ಆಳಕ್ಕೇ ನೀರು ಜಿನುಗತೊಡಗಿತು. ಅಷ್ಟು ಹೊತ್ತಿಗೆ ಹನ್ನೆರಡು ಜನ ಅಲ್ಲಿದ್ದರು. ಆಮೇಲೆ ಬಂದವರಿಗೆ ಬಕೆಟ್ಟಿನಿಂದ ನೀರು ಚೆಲ್ಲಿ, ಬೂದಿ ಮರಳು ಹಾಕಿ, ಅವಸರದಲ್ಲಿ ಕೂಡಿಸುತ್ತಿದ್ದರು.

ಪಂಪನಗೌಡನ ಕುಣಿಗೆ ಬಕೆಟ್ಟು ಸಾಲಲಿಲ್ಲ. ನಾಟಿಯ ಕಾಲ. ಸುತ್ತಲ ಗದ್ದೆಗಳು ತುಂಬಿದ್ದವು. ದುರುಗಪ್ಪ ಕುಣಿಯೊಳಗಿನಿಂದ ತಲೆಯೆತ್ತಿ ಹೇಳಿದ.

"ಗೌಡ್ರು ಕುಂದ್ರಂಗಿಲ್ಲರಿ. ತೇಲ್ತಾರ."

ನೀಲಗಂಗಮ್ಮ ಬೆಳಗಿನಿಂದ ಬಾಯಿ ತೆರೆದಿರಲಿಲ್ಲ. ಆಗ ತೆರೆದಳು.

"ಮನ್ಯಾಗ ಇಂಜಿನ್ ಐತಿ."

ಊರಿನ ಅಯ್ಯನವರು ಚನ್ನವೀರಯ್ಯ ತಡೆದರು. "ತಂಗಿ, ಸುಡುಗಾಡಿಗೆ ಬಂದದ್ದು ಮತ್ತ ಹೊಲಕ್ಕ ಹೋಗಂಗಿಲ್ಲ. ನೆನಪಿರಲಿ."

"ಹೋಗದಿದ್ರ ಬ್ಯಾಡ್ರಿ."

ನನ್ನನ್ನು ಚಕ್ಕಡಿಯಲ್ಲಿ ತಂದರು. ಪಂಪಿಗೆ ನೀರು ತುಂಬಿಸಿ ಹಿಡಿಕೆ ತಿರುಗಿಸಿದರು. ನಾನು ಓಡಿದೆ. ಅದು ನನ್ನ ಮೊದಲ ಕೆಲಸ. ಒಂದು ತಾಸಿನಲ್ಲಿ ಕುಣಿಯ ತಳ ಕಂಡಿತು. ಅವನನ್ನು ಗೂಡಿನಲ್ಲಿ ಕೂಡಿಸಿದರು. ವಿಭೂತಿ, ಪತ್ರಿ, ಉಪ್ಪು. ನಾನು ಓಡುತ್ತಿರುವಾಗಲೇ ಮಣ್ಣು ಎಳೆಯುತ್ತ ಬಂದರು. ಹೀರುವ ಪೈಪನ್ನು ಕೊನೆಗೆ ಕಿತ್ತುಕೊಳ್ಳಬೇಕಿತ್ತು. ದುರುಗಪ್ಪ ಅದಕ್ಕೆ ಕೈ ಹಾಕಿದ.

"ಬಂದ್ ಮಾಡಿದ ಮ್ಯಾಗ?" ಎಂದು ನೀಲಗಂಗಮ್ಮ ಕೇಳಿದಳು.

ದುರುಗಪ್ಪ ಸಲಿಕೆಯನ್ನು ನೋಡಿದ. ಅಯ್ಯನವರು ಬೇರೆ ಕಡೆ ನೋಡಿದರು.

"ಇನ್ನಷ್ಟು ಹೊತ್ತು ಓಡಸ್ರಿ" ಅಂದಳು ಅವಳು.

ಟಾಕಿಯಲ್ಲಿ ಎಣ್ಣೆ ಮುಗಿಯುವವರೆಗೆ ಓಡಿಸಿದರು. ಎಣ್ಣೆ ಮುಗಿಯಿತು. ಅವಳು ಅವನ ಎಡಕ್ಕೆ ಮೂರು ಹೆಜ್ಜೆ ಎಣಿಸಿ, ಅಲ್ಲೊಂದು ಜಾಲಿಯ ಗೂಟ ಬಡಿಸಿದಳು. "ಇದು ನಂದು. ಇಲ್ಲಿ ಯಾರನ್ನೂ ಇಡಬ್ಯಾಡ್ರಿ" ಅಂದಳು.

ಅಯ್ಯನವರು ಹೇಳಿದಂತೆಯೇ ಆಯಿತು. ನಾನು ಹೊಲಕ್ಕೆ ಹೋಗಲಿಲ್ಲ. ದಿಬ್ಬದಲ್ಲಿ ಜೋಳವೇ ಬೆಳೆಯಿತು. ಅವಳ ದನದ ಕೊಟ್ಟಿಗೆಯ ಕೊನೆಯಲ್ಲಿ ನನಗೊಂದು ತಗಡಿನ ಮರೆ ಮಾಡಿದರು. ಊರಿನಲ್ಲಿ ಯಾರಾದರೂ ಸತ್ತರೆ ಬಂದು ಒಯ್ಯುತ್ತಿದ್ದರು. ಹೆಣದ ಇಂಜಿನ್ ಎಂದು ಕರೆಯುತ್ತಿದ್ದರು. ತಗ್ಗಿನಿಂದ ನನ್ನ ಸಪ್ಪಳ ಕೇಳಿದರೆ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಸಪ್ಪಳ ನಿಂತ ಮೇಲೆ ಮೈಮೇಲೆ ನೀರು ಹಾಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದರು.

ನೀಲಗಂಗಮ್ಮ ನನ್ನನ್ನು ನೋಡಿಕೊಳ್ಳುವುದನ್ನು ಕಲಿತಳು. ಎಣ್ಣೆ ಸೋಸಿ ಹಾಕುವುದು, ಬೋಲ್ಟು ಬಿಗಿಯುವುದು, ಪೈಪಿನ ಜಾಲರಿಗೆ ಸಿಕ್ಕ ಕಸ ಬಿಡಿಸುವುದು. ಆ ಕಸದಲ್ಲಿ ಕೆಲವು ಸಲ ಏನೇನೋ ಇರುತ್ತಿತ್ತು. ಅದನ್ನು ಅವಳು ಒಂದು ಬಟ್ಟೆಯಲ್ಲಿ ಕಟ್ಟಿ ಮತ್ತೆ ತಗ್ಗಿಗೆ ಒಯ್ದು ಹೂಳುತ್ತಿದ್ದಳು. ಯಾರಿಗೂ ಹೇಳುತ್ತಿರಲಿಲ್ಲ. ಪ್ರತಿ ಸಲ ನಾನು ಹಿಂತಿರುಗಿ ಬಂದಾಗ ದುರುಗಪ್ಪನನ್ನು ಒಂದೇ ಮಾತು ಕೇಳುತ್ತಿದ್ದಳು.

"ನಮ್ಮ ಸಾಲಿನ್ಯಾಗ ಎಷ್ಟೈತಿ ನೀರು?"

"ಇದ್ದಷ್ಟ ಐತ್ರೆವ್ವ."

ಅದು ಸುಳ್ಳು. ನೀರು ವರ್ಷ ವರ್ಷ ಏರುತ್ತಿತ್ತು. ಸಾಲುಗಳ ಮೇಲಿನ ಮಣ್ಣಿನ ಗುಡ್ಡೆಗಳು ಕುಸಿಯುತ್ತಿದ್ದವು. ಉಪ್ಪು ಮೇಲೆದ್ದು ನೆಲ ಬೆಳ್ಳಗಾಯಿತು. ಆಮೇಲೆ ಆಪು ಹುಲ್ಲು ಬೆಳೆಯಿತು.

ಸುಡುಗಾಡು ಬದಲಿಸಬೇಕೆಂದು ಊರವರು ಮೂರು ಸಲ ಸೇರಿದರು. ಮೂರು ಸಲವೂ ಬದಲಿಸುವುದೇ ಸರಿ ಎಂದು ಎಲ್ಲರೂ ಒಪ್ಪಿದರು. ಜಾಗ ಕೇಳಿದರೆ ಕೊಡುವವರೂ ಇದ್ದರು. ಆದರೆ ಹೊಸ ಜಾಗಕ್ಕೆ ಮೊದಲು ಯಾರನ್ನು ಒಯ್ಯುವುದು ಎಂದಾಗ ಮಾತು ನಿಲ್ಲುತ್ತಿತ್ತು. ನಮ್ಮಪ್ಪ ಕೆಳಗಿದ್ದಾನೆ, ಅವ್ವನನ್ನು ಮೇಲೆ ಹೇಗೆ ಇಡಲಿ ಎನ್ನುತ್ತಿದ್ದ ಒಬ್ಬ. ನನ್ನ ಎರಡು ಕೂಸುಗಳು ಅಲ್ಲಿವೆ ಎನ್ನುತ್ತಿದ್ದ ಇನ್ನೊಬ್ಬ. ಕಿರಾಣಿ ಅಂಗಡಿಯ ಸಿದ್ಲಿಂಗಪ್ಪ ಪ್ರತಿ ಸಲ ಒಂದೇ ಮಾತು ಹೇಳಿ ಏಳುತ್ತಿದ್ದ. "ಒಮ್ಮೆ ನೀರಾಗ ಬಿಟ್ಟು ಬಂದೀವಿ. ಎರಡನೇ ಸಲ ಬಿಡಂಗಿಲ್ಲ."

ದುರುಗಪ್ಪ ದೂರದಲ್ಲಿ ಕೂತು ಕೇಳುತ್ತಿದ್ದ. ಅವನ ಕೇರಿಯವರು ಈ ತಗ್ಗಿಗೆ ಸೇರಿದವರಲ್ಲ. ಬಂದ ವರ್ಷ ಅವರಿಗೆ ಇದರಲ್ಲಿ ಪಾಲು ಕೊಟ್ಟಿರಲಿಲ್ಲ. ಕಾಲುವೆಯಾಚೆಯ ಗರಸು ನೆಲ ತೋರಿಸಿದ್ದರು. ಅಲ್ಲಿ ಹಾರೆ ಇಳಿಯುತ್ತಿರಲಿಲ್ಲ. ಒಂದು ಸಲ ಸಿದ್ಲಿಂಗಪ್ಪ ಅವನನ್ನು ಕೆಣಕಿದ.

"ಏನಲೇ ದುರುಗ್ಯಾ, ನೀ ಸತ್ರ ನಿನಗ ಯಾರು ತೋಡ್ತಾರ ಆ ಕಲ್ಲಾಗ?"

"ಮೂರು ದಿನ ಹಿಡೀತೈತ್ರಿ. ಆದ್ರ ನಮ್ಮವರು ಒಣಾ ಅದಾರ. ಮೆತ್ತನ್ನ ಜಾಗ ಬೇಕಾಗಿದ್ದು ನಿಮಗ."

ಸುತ್ತ ಕೂತವರು ನಕ್ಕರು. ಸಿದ್ಲಿಂಗಪ್ಪನೂ ನಕ್ಕ.

ಆ ವರ್ಷ ಮಳೆಗಾಲದಲ್ಲಿ ಸಿದ್ಲಿಂಗಪ್ಪನ ತಾಯಿ ತೀರಿಕೊಂಡಳು. ದುರುಗಪ್ಪನಿಗೆ ಆಗ ಅರವತ್ತು ದಾಟಿತ್ತು. ಜೊತೆಗೆ ಅಳಿಯನನ್ನು ಕರೆತರುತ್ತಿದ್ದ. ಆ ದಿನ ಅಳಿಯ ಇನ್ನೊಂದು ಸಲಿಕೆ ತರಲು ಊರಿಗೆ ಹೋಗಿದ್ದ. ನನ್ನನ್ನು ಕುಣಿಯ ಅಂಚಿಗೇ ಇಟ್ಟಿದ್ದರು. ಪೈಪು ಗಿಡ್ಡವಾಗಿತ್ತು. ಹೊಗೆಗೆ, ಸಪ್ಪಳಕ್ಕೆ ಬೇಸತ್ತು ಊರವರು ದೂರ ಬೇವಿನ ಮರದ ಕೆಳಗೆ ನಿಂತಿದ್ದರು. ದುರುಗಪ್ಪ ಒಳಗೆ ಗೂಡು ಕೊರೆಯುತ್ತಿದ್ದ.

ಗೋಡೆ ಒಂದೇ ಸಲಕ್ಕೆ ಕುಸಿದು ಬಂತು. ಎದೆಯವರೆಗೆ ಕೆಸರು ತುಂಬಿತು. ಅವನು ನನ್ನ ಕಡೆ ನೋಡಿ ಕೂಗಿದ. ಬಾಯಿ ತೆರೆದದ್ದು ನನಗೆ ಕಂಡಿತು. ಕೈ ಎತ್ತಿದ. ಆಚೆ ಗೋಡೆಯೂ ಬಂತು. ನಾನು ಓಡುತ್ತಲೇ ಇದ್ದೆ. ನಿಲ್ಲುವುದು ನನ್ನ ಕೈಯಲ್ಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅವನ ಕೂಗು ಬೇವಿನ ಮರದವರೆಗೆ ಹೋಗುತ್ತಿತ್ತು. ಕೊನೆಗೆ ಪೈಪಿಗೆ ಕೆಸರು ಸಿಕ್ಕು ನನ್ನ ಸಪ್ಪಳ ಬದಲಾಯಿತು. ಆಗ ಅವರು ಈ ಕಡೆ ನೋಡಿದರು. ಓಡಿ ಬಂದರು. ಹೊತ್ತಾಗಿತ್ತು.

ನನ್ನ ನಡುಕಕ್ಕೇ ಗೋಡೆ ಸಡಿಲಾಯಿತು ಎಂದು ಹೇಳುವವರೂ ಇದ್ದರು. ಇರಬಹುದು.

ಸಿದ್ಲಿಂಗಪ್ಪ ತಾನೇ ಕೆಸರಿಗಿಳಿದು ದುರುಗಪ್ಪನನ್ನು ಎಳೆದು ಮೇಲೆ ಹಾಕಿದ. ಸಿದ್ಲಿಂಗಪ್ಪನ ತಾಯಿಯನ್ನು ಅದೇ ಸಂಜೆ ಅದೇ ಕುಣಿಯಲ್ಲಿ ಇಟ್ಟರು. ಅವನನ್ನು ತೆಗೆಯಲು ಕೆಸರು ತೋಡಿದಾಗ ಕುಣಿ ಮತ್ತೆ ತಯಾರಾಗಿತ್ತಲ್ಲ. ದುರುಗಪ್ಪನನ್ನು ಕಾಲುವೆಯಾಚೆ ಒಯ್ದರು. ಅವನ ಕುಣಿಗೆ ನಾನು ಬೇಕಾಗಲಿಲ್ಲ. ಗೌಡರ ಮನೆಗಳಿಂದ ಅಲ್ಲಿಗೆ ಹೋದವಳು ನೀಲಗಂಗಮ್ಮ ಒಬ್ಬಳೇ. ಹಿಂತಿರುಗಿ ಬಂದಾಗ ಅವಳ ಅಂಗೈಗೆ ಕೆಂಪು ಮಣ್ಣಿನ ಧೂಳು ಹತ್ತಿತ್ತು. ಬಹಳ ಹೊತ್ತು ಅದನ್ನು ತೊಳೆದುಕೊಳ್ಳಲಿಲ್ಲ.

ಹದಿಮೂರನೇ ದಿನ ದುರುಗಪ್ಪನ ಹೆಂಡತಿ ಹುಲಿಗೆಮ್ಮ ಕೊಟ್ಟಿಗೆಗೆ ಬಂದಳು. ಒಳಗೆ ಬರಲಿಲ್ಲ. ಹೊರಗಿನಿಂದಲೇ ನನ್ನನ್ನು ನೋಡಿದಳು.

"ಇದೇನ್ರಿ ಅವ್ವಾರ, ಆ ಇಂಜಿನ್ನು?"

"ಇದ."

"ಆತ ಕೂಗಿದ್ನಂತೇನು?"

"ಗೊತ್ತಿಲ್ಲವ್ವ. ಯಾರಿಗೂ ಕೇಳಿಲ್ಲ."

"ಮನ್ಯಾಗ ಆತ ಸಣ್ಣಗ ಮಾತಾಡಿದ್ರೂ ಮೂರು ಮನಿಗೆ ಕೇಳತಿತ್ತು." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮ ಅಳಿಯನ್ನ ಇನ್ನ ಕಳಸಂಗಿಲ್ಲ. ನೀವು ಬೈದ್ರೂ ಅಷ್ಟ, ಊರು ಬಿಡಸಿದ್ರೂ ಅಷ್ಟ."

"ಬೈಯಂಗಿಲ್ಲ."

"ನಿಮ್ಮ ಜಾಗ ಎಲ್ಲೈತ್ರಿ?"

"ಗೌಡ್ರ ಬಾಜು. ಗೂಟ ಬಡಸೀನಿ."

"ಅಲ್ಲಿ ಇಳಿಯಾಕ ಒಬ್ಬ ಮನಷ್ಯಾ ಬೇಕಲ್ರಿ ಅವ್ವಾರ."

ಇಷ್ಟು ಹೇಳಿ ಹುಲಿಗೆಮ್ಮ ಹೋದಳು. ನೀಲಗಂಗಮ್ಮ ಅಲ್ಲೇ ಹುಲ್ಲಿನ ಮೇಲೆ ಕೂತಳು. ಮೂವತ್ತನಾಲ್ಕು ವರ್ಷ ಅವಳು ಬೇರೆ ಏನನ್ನೂ ಬಯಸಿದ್ದನ್ನು ನಾನು ನೋಡಿಲ್ಲ. ಮಗ ಬೆಳೆದ, ಮದುವೆಯಾದ, ಮನೆ ದೊಡ್ಡದಾಯಿತು. ಅದೆಲ್ಲ ತನ್ನಷ್ಟಕ್ಕೆ ಆಯಿತು. ಅವಳು ನನ್ನ ಬೋಲ್ಟು ಬಿಗಿಯುತ್ತ ಬಂದದ್ದು ಒಂದು ದಿನಕ್ಕಾಗಿ. ತನ್ನನ್ನು ಅವನ ಪಕ್ಕ ಕೂಡಿಸುವ ದಿನ ನಾನು ಓಡಬೇಕಿತ್ತು.

ಮಾರನೆಯ ವಾರ ಅವಳೇ ಊರವರನ್ನು ಕರೆಸಿದಳು. ಕೊಟ್ಟಿಗೆಯ ಮುಂದೆ ಕೂತರು. ಚನ್ನವೀರಯ್ಯ ಮುದುಕರಾಗಿದ್ದರು. ಅವರಿಗೊಂದು ಮಂಚ ಹಾಕಿದ್ದರು.

"ದಿಬ್ಬದ ಎರಡೂ ಎಕರೆ ಕೊಡ್ತೀನಿ. ಇನ್ನ ತಗ್ಗಿನ್ಯಾಗ ಯಾರನ್ನೂ ಇಡೂದು ಬ್ಯಾಡ."

"ನೀ ಕೊಡ್ತಿಯವ್ವ. ಆದ್ರ ಮ್ಯಾಗ ಮೊದಲು ಯಾರು?" ಅಂದ ಸಿದ್ಲಿಂಗಪ್ಪ. ಅವನ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಯಾರು ಮೊದಲು ಸಾಯ್ತಾರೋ ಅವರು. ನಾನೂ ಅಲ್ಲೇ."

ಮಗ ವಿರುಪನಗೌಡ ಎದ್ದು ನಿಂತ. "ಯವ್ವಾ, ಅಪ್ಪನ ಬಾಜು ಅಂತಿದ್ದಿ."

"ಅಂತಿದ್ದೆ."

"ಅಪ್ಪ ಒಬ್ಬನ ಆಗ್ತಾನ."

"ಅವರಿಗೆ ನಾ ಹೇಳ್ತೀನಿ. ನೀ ಕುಂದ್ರು."

ಚನ್ನವೀರಯ್ಯ ಮಂಚದಿಂದ ಕಾಲು ಇಳಿಬಿಟ್ಟು ಕೂತರು. "ನಾನು ಮ್ಯಾಗ ಹೋಗ್ತೀನಿ. ನನಗೇನು, ಇವತ್ತೋ ನಾಳೆಯೋ" ಅಂದರು. ಉಳಿದವರು ಒಬ್ಬೊಬ್ಬರಾಗಿ ಹೂಂ ಅಂದರು. ಯಾರಿಗೂ ಸಂತೋಷವಿರಲಿಲ್ಲ.

ಆದರೆ ನೀಲಗಂಗಮ್ಮನಿಗೆ ತನ್ನ ಮಗ ಗೊತ್ತಿದ್ದ. ತಾನು ಸತ್ತ ದಿನ ಅವನಿಗೆ ಕರುಳು ಸುಡುತ್ತದೆ, ಯಾರದೋ ಕೈಕಾಲು ಹಿಡಿದು ತಗ್ಗಿನಲ್ಲಿ ಕುಣಿ ತೋಡಿಸುತ್ತಾನೆ. ಮರುದಿನ ಬೆಳಿಗ್ಗೆ ನನ್ನನ್ನು ಟ್ರ್ಯಾಕ್ಟರಿಗೆ ಹಾಕಿಸಿದಳು. ತಗ್ಗಿಗೆ ಒಯ್ಯಿಸಿದಳು. ಗೂಟ ಕಿತ್ತು, ಪಂಪನಗೌಡನ ಎಡಕ್ಕೆ, ತನ್ನ ಜಾಗದಲ್ಲಿ ನನ್ನನ್ನು ಇಳಿಸಿದಳು. ನಾನು ಭಾರ. ಇಳಿಸಿದ ಕೂಡಲೇ ಒಂದು ಮೊಳ ಹೂತುಹೋದೆ. ಇನ್ನು ಅಲ್ಲಿಂದ ನನ್ನನ್ನು ಎತ್ತುವುದು ಸುಲಭವಿರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ಅವಳ ವಾರಗೆಯ ಶಂಕ್ರಮ್ಮ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು.

"ಏನಬೇ ಗಂಗವ್ವ, ಗೌಡ್ರ ಬಾಜು ಸವತಿ ತಂದಿಟ್ಟೆಲ್ಲ."

"ಇರಲಿ ಬಿಡು. ಇದರ ಬಾಯಿ ನನಗಿಂತ ದೊಡ್ಡದು. ಅವರಿಗೆ ಬ್ಯಾಸರಾಗಂಗಿಲ್ಲ."

ಶಂಕ್ರಮ್ಮ ನಗಲು ಹೋಗಿ ಸೆರಗು ಕಚ್ಚಿದಳು. ಎಲ್ಲರೂ ಹೋದ ಮೇಲೂ ನೀಲಗಂಗಮ್ಮ ನಿಂತಿದ್ದಳು. ಪಾದದವರೆಗೆ ನೀರು. ಅವನಿಗೆ ಏನೋ ಹೇಳುವುದಿದೆ ಎಂದು ಅವಳು ಜನರ ಮುಂದೆ ಹೇಳಿದ್ದಳು. ನಾನು ಕಾದೆ. ಅವಳು ನನ್ನ ಟಾಕಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದಳು. ಪೈಪಿನ ಜಾಲರಿಯ ಕಸ ತೆಗೆದಳು. ನೀರಿನಲ್ಲಿ ಕೈ ತೊಳೆದುಕೊಂಡಳು. ಹೇಳಲಿಲ್ಲ. ಹೋದಳು.

ಮತ್ತೆ ಅವಳು ತಗ್ಗಿಗೆ ಬರಲಿಲ್ಲ. ಬಂದರೆ ಮನಸ್ಸು ಬದಲಾದೀತು ಎಂದು ಹೆದರಿದಳೋ ಏನೋ. ಇಂಜಿನ್‌ಗೆ ಅಷ್ಟು ಒಳಗಿನದು ತಿಳಿಯುವುದಿಲ್ಲ.

ಚನ್ನವೀರಯ್ಯ ಆ ಚಳಿಗಾಲದಲ್ಲೇ ದಿಬ್ಬಕ್ಕೆ ಹೋದರು. ಆಮೇಲೆ ಶಂಕ್ರಮ್ಮ. ಆಮೇಲೆ ಸಿದ್ಲಿಂಗಪ್ಪ. ದಿಬ್ಬದಲ್ಲಿ ಒಂದು ಕುಣಿಗೆ ಒಂದೂವರೆ ದಿನ ಬೇಕಂತೆ. ಎಲ್ಲ ಮನೆಗಳ ಗಂಡಸರೂ ಸರದಿಯಲ್ಲಿ ಹಾರೆ ಹಿಡಿಯುತ್ತಾರಂತೆ. ಬೇಸಿಗೆಯಲ್ಲಿ ಹೆಣ ಮನೆಯಲ್ಲಿ ಕಾಯುತ್ತದಂತೆ.

ನನ್ನನ್ನು ಇಲ್ಲಿ ಇಳಿಸಿದ ಒಂಬತ್ತನೇ ವರ್ಷ, ಕಾಲುವೆ ಬಂದ್ ಆಗಿದ್ದ ದಿನಗಳಲ್ಲಿ, ಹೆಣ ಹೊತ್ತ ಜನ ತಗ್ಗಿನ ದಂಡೆಯ ಮೇಲೆ ಹಾದುಹೋದರು. ಶಂಖ ಊದುತ್ತಿದ್ದರು. ಬಿದಿರು ಕಟ್ಟಿ ಮಾಡಿದ ವಿಮಾನದಲ್ಲಿ ಕೂತವಳ ಕೊರಳು ಒಂದು ಕಡೆ ವಾಲದಂತೆ ಬಿಳಿಯ ಬಟ್ಟೆಯಿಂದ ಹಿಂದಕ್ಕೆ ಕಟ್ಟಿದ್ದರು. ಮುಖಕ್ಕೆ ವಿಭೂತಿ ಬಳಿದಿದ್ದರಿಂದ ಮೊದಲು ಗುರುತು ಹತ್ತಲಿಲ್ಲ. ಮುಂದೆ ವಿರುಪನಗೌಡ ನಡೆಯುತ್ತಿದ್ದ. ತಗ್ಗಿನ ಎದುರಿಗೆ ಬಂದಾಗ ಅವನು ನಿಂತ. ಹಿಂದಿನವರೂ ನಿಂತರು. ಅವನು ನನ್ನನ್ನು ನೋಡಿದ. ಆಪು ನನ್ನ ಗಾಲಿಯ ಮೇಲೆ ಬೆಳೆದಿತ್ತು. ನೀರು ಸಿಲಿಂಡರಿನವರೆಗೆ ಬಂದಿತ್ತು. ಯಾರೋ "ನಡೀರಿ ಗೌಡ್ರ, ಬಿಸಿಲೇರತೈತಿ" ಅಂದರು. ಅವನು ನಡೆದ.

ದಿಬ್ಬ ಇಲ್ಲಿಂದ ಎರಡು ಗದ್ದೆ ಆಚೆ. ಅಲ್ಲಿಂದ ಒಬ್ಬರೂ ಇತ್ತ ಇಳಿದು ಬರಲಿಲ್ಲ. ಅವಳು ದಿಬ್ಬಕ್ಕೆ ಹೋದಳೆಂದು ಪಂಪನಗೌಡನಿಗೆ ಯಾರೂ ಹೇಳಲಿಲ್ಲ. ಅವನು ನನ್ನ ಬಲಕ್ಕೆ, ಮೂರು ಹೆಜ್ಜೆ ದೂರದಲ್ಲಿ, ಕೆಳಗೆ ಇದ್ದಾನೆ. ಅವನು ಇನ್ನೂ ಕಾಯುತ್ತಿದ್ದರೆ, ಹೇಳಬೇಕಾದದ್ದು ನಾನೇ. ನನಗೆ ಬರುವುದು ಒಂದೇ ಸಪ್ಪಳ. ಅದಕ್ಕೂ ಎಣ್ಣೆ ಬೇಕು.